ಹೊತ್ತು ಮುಳುಗುವ ಮುಂಚೆ ಎಣಿಸಿದ ನವಿಲುಗಳು

ದಸರೆ ರಜೆಗೆ ನಮ್ಮ ಕಾಲೇಜಿನ ಉಳಿದ ಅಧ್ಯಾಪಕಿಯರು ಸೀರೆ ಕೊಳ್ಳಲು ಹುಬ್ಬಳ್ಳಿಗೆ ಹೊರಟರೆ, ನಾನು ಧಾರವಾಡದಿಂದ ಬೆಳಗಿನ ಆರರ ಕೆಂಪು ಬಸ್ಸಿನಲ್ಲಿ ನವಿಲು ಎಣಿಸಲು ಹೊರಟೆ. ತೊಂಬತ್ತರ ದಶಕದ ಆರಂಭದ ಮಾತು. "ಹುಚ್ಚ ಹಿಡದೈತಿ ನಿನಗ" ಎಂದು ಬೈಯುತ್ತಲೇ ಅವ್ವ ಬುತ್ತಿ ಕಟ್ಟಿದಳು.

ಪ್ರಾಣಿಶಾಸ್ತ್ರ ಕಲಿಸುವವಳು ನಾನು. ಹಳ್ಳದ ದಂಡೆಯ ಮುಳ್ಳುಕಂಟಿ ಕಡಿಯದೆ ಬಿಟ್ಟರೆ ನವಿಲು ಉಳಿಯುತ್ತವೆ ಎಂದು ಎಲ್ಲರೂ ಹೇಳುತ್ತಿದ್ದರು. ಹೇಳಿದ ಮಾತ್ರಕ್ಕೆ ನಿಜವಾಗುತ್ತದೆಯೇ? ಕಂಟಿ ಇದ್ದಲ್ಲೂ ಇಲ್ಲದಲ್ಲೂ ಎಣಿಸಿ ನೋಡಬೇಕು. ಅದಕ್ಕೇ ಮೂರು ವರ್ಷದ ಹಿಂದೆ ಇಬ್ಬರು ರೈತರನ್ನು ಒಪ್ಪಿಸಿದ್ದೆ. ಶಿರಗುಪ್ಪಿಯ ಆಚೆ ತೋಟದಲ್ಲಿರುವ ಪದ್ಮಣ್ಣ ಒಂದು ಎಕರೆ ಕಂಟಿ ಹಾಗೇ ಬಿಟ್ಟಿದ್ದ. ಏಕಸಂಬಿಯ ಶಿವಪ್ಪ ಎಲ್ಲ ಕಡಿದು ಹಳ್ಳದವರೆಗೂ ಕಬ್ಬು ಹಚ್ಚಿದ್ದ. ಇಬ್ಬರೂ ತಿಂಗಳಿಗೊಂದು ಸಂಜೆ, ಮರದಲ್ಲಿ ಕೂರಲು ಬರುವ ನವಿಲುಗಳನ್ನು ಎಣಿಸಿ ವಹಿಯಲ್ಲಿ ಬರೆಯಬೇಕಿತ್ತು. ಈಗ ಪದ್ಮಣ್ಣನ ಕಾಗದ ಬಂದಿತ್ತು: ತಮ್ಮ ಭರಮಣ್ಣ ಕಂಟಿ ಕಡಿಯಬೇಕೆಂದು ಹಟ ಹಿಡಿದಿದ್ದಾನೆ, ಸೋಮವಾರ ಆಳುಗಳು ಬರುತ್ತಾರೆ, ಲೆಕ್ಕ ನೋಡಿ ನೀವೇ ತೀರ್ಮಾನ ಹೇಳಿರಿ.

ನಿಪ್ಪಾಣಿಯಲ್ಲಿ ಇಳಿದರೆ ತಂಬಾಕಿನ ಘಾಟಿಗೆ ಮೂರು ಸಲ ಸೀನಿದೆ. ಪಕ್ಕದಲ್ಲಿದ್ದ ಮುದುಕಿ ಮರಾಠಿಯಲ್ಲಿ ಹರಸಿ, ಕನ್ನಡದಲ್ಲಿ ನಕ್ಕಳು. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಏಕಸಂಬಿ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಶಿವಪ್ಪ ಚಹಾ ಕೊಟ್ಟು, ದನ ಕಟ್ಟಿ, ಹಾಲು ಹಿಂಡಿ, ದೀಪ ಹಚ್ಚಿದ ಮೇಲೆ ಹುಣಸೆ ಮರದ ಕಡೆ ಕರೆದೊಯ್ದ. ಮಬ್ಬಿನಲ್ಲಿ ನವಿಲುಗಳು ಒಂದೊಂದಾಗಿ ಕೊಂಬೆಗೆ ಏರಿ ಕೂತಿದ್ದವು. ಅವನ ವಹಿಯ ಲೆಕ್ಕವನ್ನು ಎರಡೆರಡು ಸಲ ಕೂಡಿಸಿ ನೋಡಿದೆ. ಪದ್ಮಣ್ಣ ಕಾಗದದಲ್ಲಿ ಬರೆದು ಕಳಿಸಿದ ಲೆಕ್ಕದ ಎರಡರಷ್ಟು ನವಿಲು ಇಲ್ಲಿದ್ದವು, ಕಂಟಿಯೇ ಇಲ್ಲದ ಕಡೆ!

ಮರುದಿನ ಅಂಕಲಿ ದಾಟಿ, ಕೃಷ್ಣಾ ದಾಟಿ ಶಿರಗುಪ್ಪಿಗೆ ಬಂದೆ. ಎರಡೂ ಕಡೆ ಕಬ್ಬು, ನಡುವೆ ಎತ್ತಿನಗಾಡಿಗಳು, ಅವುಗಳ ಹಿಂದೆ ನಮ್ಮ ಬಸ್ಸು. ಭರಮಣ್ಣ ಅಂಗಳದಲ್ಲೇ ಎದುರಾದ. "ಬರ್ರಿ ಅಕ್ಕಾರ. ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರಿ? ವಹೀನ ಹೇಳತೈತಿ. ಮೂರು ವರ್ಷ ಒಂದು ಎಕರೆ ಬಂಗಾರದಂಥ ಜಮೀನು ಮುಳ್ಳಿಗೆ ಹೋತು." ಪದ್ಮಣ್ಣ ತಲೆ ತಗ್ಗಿಸಿ ನಿಂತಿದ್ದ. ಲೆಕ್ಕ ಲೆಕ್ಕವೇ, ಕಡಿಯಿರಿ ಎನ್ನಲು ನಾಲಿಗೆ ತುದಿಯವರೆಗೆ ಬಂದಿತ್ತು. ಆದರೂ ಒಂದು ಸಂಜೆ ಕಣ್ಣಾರೆ ನೋಡುತ್ತೇನೆ ಎಂದೆ.

ಸಂಜೆ ಮೂವರೂ ಕಂಟಿಯ ಪಕ್ಕದ ಮರಗಳ ಕೆಳಗೆ ನಿಂತೆವು. ಕೆಲವೇ ನವಿಲು ಬಂದವು. ಅಷ್ಟರಲ್ಲಿ ಪದ್ಮಣ್ಣನ ಹೆಂಡತಿ ಮನೆಯಿಂದ ಕೂಗಿದಳು, "ಬರ್ರಿ, ಹೊತ್ತು ಹೊಂಟೈತಿ!" ಅಣ್ಣತಮ್ಮ ಇಬ್ಬರೂ ವಹಿ ಮುಚ್ಚಿ ನಡೆದರು. ಇವರು ಜೈನರು, ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವುದಿಲ್ಲ. ನಾನೂ ಹೋಗಿ ಉಳ್ಳಾಗಡ್ಡಿ ಇಲ್ಲದ ಹೆಸರುಕಾಳಿನ ಪಲ್ಯ, ರೊಟ್ಟಿ, ಗಟ್ಟಿ ಮೊಸರು ಹೊಟ್ಟೆ ತುಂಬ ಉಂಡೆ. ಕೈ ತೊಳೆಯಲು ಹೊರಗೆ ಬಂದಾಗ ಹಳ್ಳದ ಕಡೆಯಿಂದ ರೆಕ್ಕೆ ಬಡಿಯುವ ಸದ್ದು. ಓಡಿದೆ. ಮರಗಳ ತುಂಬ ನವಿಲು!

"ಪದ್ಮಣ್ಣಾ, ಪ್ರತಿ ಸಲ ಎಷ್ಟು ಹೊತ್ತಿಗೆ ಎಣಸತೀರಿ?"

"ನೀವ ಬರದ ಕೊಟ್ಟೀರಲ್ರಿ, ಹೊತ್ತು ಮುಳುಗುವಾಗ ಅಂತ. ಹೊತ್ತು ಮುಳುಗೂದಂದ್ರ ನಮಗ ಉಂಡ ಮುಗದಿರಬೇಕ್ರಿ. ಅದಕ್ಕ ಮದಲ ಎಣಿಸಿ ಬರತೀವಿ."

ಅಯ್ಯೋ ನನ್ನ ಬುದ್ಧಿಯೇ! ಅದೇ ಮಾತು ಶಿವಪ್ಪನಿಗೆ ದೀಪ ಹಚ್ಚಿದ ಮೇಲಿನ ಹೊತ್ತು. ಮೂರು ವರ್ಷದ ಲೆಕ್ಕದಲ್ಲಿ ನಾನು ಹೋಲಿಸಿದ್ದು ನವಿಲುಗಳನ್ನಲ್ಲ, ಎರಡು ಮನೆಗಳ ಊಟದ ವೇಳೆಯನ್ನು. ಗಡಿಯಾರದ ಗಂಟೆ ಬರೆದಿದ್ದರೆ ಮುಗಿಯುತ್ತಿತ್ತು. ತಪ್ಪು ನನ್ನದೇ ಎಂದು ಇಬ್ಬರ ಮುಂದೆಯೂ ಒಪ್ಪಿಕೊಂಡೆ.

ಪದ್ಮಣ್ಣನ ಮುಖ ಅರಳಿತು. ಭರಮಣ್ಣ ಮಾತ್ರ ಜಗ್ಗಲಿಲ್ಲ. "ಒಂದ ಸಂಜೀ ಲೆಕ್ಕಕ್ಕ ನಾ ಒಪ್ಪಂಗಿಲ್ರಿ. ಇಲ್ಲಿ ಬರೇ ಮಲಗಾಕ ಬರತಿರಬೇಕು. ಮರ ಇದ್ರ ಸಾಕಲ್ಲ, ಕಂಟಿ ಯಾಕ?" ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ನವಿಲು ಮೊಟ್ಟೆ ಇಡುವುದು ನೆಲದ ಮೇಲೆ, ಕಂಟಿಯ ಮರೆಯಲ್ಲಿ. ಹಾಗಾದರೆ ಮಲಗಲು ಬಂದವನ್ನಲ್ಲ, ಮರಿಗಳನ್ನು ಎಣಿಸಬೇಕು. ಮಳೆಗಾಲದ ಮರಿಗಳು ಇನ್ನೂ ತಾಯಿಯ ಬೆನ್ನು ಬಿಟ್ಟಿರಲಿಲ್ಲ.

"ಬೆಳಗಿನ ಆರು ಗಂಟೆ, ಎರಡೂ ಕಡೆ ಒಂದೇ ವೇಳೆ, ಮೂರು ದಿನ" ಎಂದೆ. "ಭರಮಣ್ಣ, ನೀವು ಏಕಸಂಬಿಗೆ ಹೋಗಿ ಎಣಸ್ರಿ. ಶಿವಪ್ಪನ್ನ ಇಲ್ಲಿಗೆ ಕಳಸ್ರಿ. ತಮ್ಮ ತೋಟ ತಾವು ಎಣಿಸೂದು ಬ್ಯಾಡ."

"ನಾ ಕಂಟಿ ಕಡೀಬೇಕನ್ನಾಂವ. ನನ್ನ ಲೆಕ್ಕ ನಂಬತೀರೇನ್ರಿ?"

"ಅದಕ್ಕ ನಂಬತೀನಿ."

ಅವನು ಮೋಟರ್ ಸೈಕಲ್ ಏರಿ ಹೋದ. ಆಳುಗಳಿಗೆ ಗುರುವಾರ ಬನ್ನಿ ಎಂದು ಹೇಳಿ ಕಳಿಸಿದರು. ನಾನೂ ಊರಿಗೆ ಹೋಗುವುದನ್ನು ಮುಂದೂಡಿದೆ. ಮಧ್ಯಾಹ್ನ ಹೊತ್ತು ಹೋಗದೆ ಅಥಣಿ ಬಸ್ಸು ಹತ್ತಿ ಕಾಗವಾಡದವರೆಗೆ ಹೋಗಿ ದ್ರಾಕ್ಷಿ ತೋಟಗಳನ್ನು ನೋಡಿ ಬಂದೆ. ಬಸ್ಸಿನಲ್ಲಿ ಒಬ್ಬರು ಹಿರಿಯರು ನನ್ನ ಕೆಲಸ ಕೇಳಿ, "ನವಿಲು ಎಣಸಾಕ ಪಗಾರ ಕೊಡತಾರೇನ್ರಿ?" ಎಂದು ಬೆರಗಾದರು. ಕೊಡುವುದಿಲ್ಲ ಎಂದಾಗ ಇನ್ನೂ ಬೆರಗಾದರು.

ಬುಧವಾರ ಭರಮಣ್ಣ ತಿರುಗಿ ಬಂದ. ಗಾಡಿ ನಿಲ್ಲಿಸಿ ಚೀಟಿ ಕೊಟ್ಟ. ಏಕಸಂಬಿಯಲ್ಲಿ ದೊಡ್ಡ ನವಿಲು ಬೇಕಾದಷ್ಟು. ಮರಿ ಇರುವ ಹೆಣ್ಣು ಮೂರು ದಿನದಲ್ಲಿ ಒಂದೂ ಇಲ್ಲ. ಶಿವಪ್ಪನ ಚೀಟಿಯಲ್ಲಿ, ಪದ್ಮಣ್ಣನ ಕಂಟಿಯ ಅಂಚಿನಿಂದ ಪ್ರತಿ ಬೆಳಿಗ್ಗೆ ಮರಿ ಕಟ್ಟಿಕೊಂಡು ಹೊರಬಂದ ತಾಯಂದಿರು. "ಮೂರು ದಿನ ಹುಡಿಕೀನ್ರಿ" ಎಂದ ಭರಮಣ್ಣ, "ಒಂದಾದ್ರೂ ಸಿಗಲಿ ಅಂತ. ಸಿಗಲಿಲ್ಲ." ನನಗೆ ಕುಣಿಯಬೇಕೆನಿಸಿತು. ಎರಡೇ ತೋಟದ ಲೆಕ್ಕ ಸಾಲದು, ಇನ್ನೂ ಬೇರೆ ತೋಟ ಬೇಕು ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ.

ಗುರುವಾರ ಅಣ್ಣತಮ್ಮ ಇಬ್ಬರೂ ನನ್ನನ್ನು ಶೇಡಬಾಳ ಸ್ಟೇಷನ್ನಿಗೆ ಬಿಡಲು ಬಂದರು. ರಾಯಬಾಗದ ಮೇಲೆ ಹೋಗುವ ಗಾಡಿ ಅರ್ಧ ತಾಸು ತಡ. ನಾನು ಹತ್ತಿ ಕೂತ ಮೇಲೆ ಭರಮಣ್ಣ ಕಿಟಕಿಯ ಹತ್ತಿರ ಬಂದ. "ಆಳಿಗೆ ಬ್ಯಾಡ ಅಂತ ಹೇಳೀನ್ರಿ. ಆದ್ರ ಬರೂ ವರ್ಷ ನಾನ ಎಣಸಾಂವ, ಎರಡೂ ಕಡೆ. ಇಲ್ಲಿ ಮರಿ ಹೆಚ್ಚಿಗಿ ಕಾಣಲಿಲ್ಲಂದ್ರ ಕಂಟಿ ಕಡಿಯೂದ. ಆಗ ನೀವು ಅಡ್ಡ ಬರಬಾರದು."

ಪದ್ಮಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಅವನ ಪರ ಒಂದು ಮಾತು ಆಡುತ್ತೇನೆಂದು ಕಾದಿದ್ದ.

"ಕಡೀರಿ" ಎಂದೆ.

ಗಾಡಿ ಹೊರಟಾಗ ಪದ್ಮಣ್ಣ ಕೈ ಎತ್ತಲಿಲ್ಲ. ಭರಮಣ್ಣ ಎತ್ತಿದ.