ಕಂಪ್ಯೂಟರಿನ ಬಾಯಿಗೆ ಒಂದು ಫ್ಲಾಪಿ

ಹೊಸಪೇಟೆಗೆ ಹೋದರೆ ಗುಣವಾಗುವ, ಕೊಟ್ಟೂರಿಗೆ ಬಂದರೆ ಮತ್ತೆ ಮಲಗುವ ರೋಗಿಯನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಕಳೆದ ವಾರವಷ್ಟೇ. ರೋಗಿ ಒಂದು ಕಂಪ್ಯೂಟರ್.

ನನ್ನ ತಮ್ಮನ ಮದುವೆ ಕಾರ್ಡಿನ ಮ್ಯಾಟರ್ ಪೂರ್ತಿ ಅದರ ಹೊಟ್ಟೆಯಲ್ಲಿತ್ತು. ನಮ್ಮ ಬೀದಿಯಲ್ಲಿ ಹೊಸದಾಗಿ ಡಿಟಿಪಿ ಸೆಂಟರ್ ತೆರೆದ ಕೊಟ್ರೇಶನಿಗೆ ಇದೇ ಮೊದಲ ದೊಡ್ಡ ಆರ್ಡರ್. ಅಪ್ಪ ಸೋಮವಾರ ಹರಪನಹಳ್ಳಿ, ಹಡಗಲಿ ಕಡೆಯ ನೆಂಟರಿಗೆ ಕಾರ್ಡು ಹಂಚಲು ಹೊರಡಬೇಕು. ತಡವಾದರೆ ಕೆಲಸ ಬೇರೆಯವರಿಗೆ ಕೊಡುತ್ತೇನೆಂದು ಗುಡುಗಿದ್ದರು.

ಬೆಳಿಗ್ಗೆ ಸ್ವಿಚ್ ಹಾಕಿದರೆ ಕಪ್ಪು ಪರದೆಯ ಮೇಲೆ ಒಂದಿಷ್ಟು ಇಂಗ್ಲಿಷ್. ಕೊನೆಗೆ, ಯಾವುದಾದರೂ ಕೀ ಒತ್ತಿ ಎಂದಿತ್ತು. ಕೊಟ್ರೇಶ ಒತ್ತಿದ. ಒಂದಾದ ಮೇಲೊಂದು ಎಲ್ಲ ಕೀಗಳನ್ನೂ ಒತ್ತಿದ. (ಊದಿನಕಡ್ಡಿಯನ್ನೂ ಬೆಳಗಿದ.) ಆಮೇಲೆ ಸಿಪಿಯು ಡಬ್ಬಿಯನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಹೊಸಪೇಟೆ ಬಸ್ಸು ಹತ್ತಿದ.

ರಿಪೇರಿ ಅಂಗಡಿಯಲ್ಲಿ ಅದು ಏನೂ ಆಗದವರಂತೆ ಎದ್ದು ಕೂತಿತಂತೆ. ಸಂಜೆ ಊರಿಗೆ ತಂದರೆ ಕರೆಂಟಿಲ್ಲ. ಮರುದಿನ ಬೆಳಿಗ್ಗೆ ಅದೇ ಇಂಗ್ಲಿಷ್. ಮತ್ತೆ ಬಸ್ಸು, ಮತ್ತೆ ಅಲ್ಲಿ ಆರೋಗ್ಯ. ಪಕ್ಕದ ಟೇಲರ್, ದೃಷ್ಟಿ ತಾಗಿದೆ ಎಂದ. ಕೊಟ್ರೇಶನ ಮುಖ ನೋಡಲಾಗುತ್ತಿರಲಿಲ್ಲ.

ಎರಡನೆಯ ಸಲ ಅವನು ಮರಳಿದಾಗ ನಾನು ಅಂಗಡಿಯಲ್ಲೇ ಕಾದಿದ್ದೆ. ಕರೆಂಟ್ ಎಂದಿನಂತೆ ಹೋಗಿತ್ತು. ಅವನ ಹೆಂಡತಿ ಗೌರಮ್ಮ ದೀಪ ಹಚ್ಚಿ ಕೈಮುಗಿದಳು. ಸೆರಗಿನಿಂದ ಡಬ್ಬಿ ಒರೆಸಿದಳು. ಆ ವಾರವಷ್ಟೇ ಅಂಗಡಿಗೆ ತಂದಿದ್ದ ಹೊಸ ಫ್ಲಾಪಿ ಡಿಸ್ಕೊಂದನ್ನು ಅದರ ಸೀಳಿನೊಳಗೆ ಟಕ್ಕನೆ ತಳ್ಳಿದಳು.

ಇದ್ಯಾಕಮ್ಮ ಎಂದೆ.

"ದೀಪ ಹಚ್ಚೋ ಹೊತ್ತಿನ್ಯಾಗ ಬಾಯಿ ಖಾಲಿ ಬಿಡಬಾರದ್ರಿ ಅಕ್ಕಾರ. ಮನ್ಯಾಗ ಸೇರಿನಾಗೂ ಒಂದು ಹಿಡಿ ಜೋಳ ಇಟ್ಟಿರ್ತೀನಿ. ಇದೂ ನಮಗ ಅನ್ನ ಕೊಡೋದಲ್ಲೇನ್ರಿ?"

ಬಸ್ಸಿಗೆ ಹೊರಡುವಾಗ, ದಾರಿಯಲ್ಲಿ ಬಿದ್ದುಹೋದೀತೆಂದು ಅವಳೇ ಅದನ್ನು ತೆಗೆದಿಡುತ್ತಿದ್ದಳಂತೆ! ಹೊಸಪೇಟೆಯ ಆರೋಗ್ಯದ ಗುಟ್ಟು ಅಷ್ಟೇ. ಬಾಯಲ್ಲಿ ಫ್ಲಾಪಿಯಿದ್ದರೆ ಯಂತ್ರ ಏಳುವಾಗ ಮೊದಲು ಅದನ್ನೇ ಓದಲು ಹೋಗುತ್ತದೆ. ಖಾಲಿ ಫ್ಲಾಪಿಯಲ್ಲಿ ಓದಲು ಏನಿದೆ, ಮಣ್ಣು?

ಬೆಳಿಗ್ಗೆ ಸ್ವಿಚ್ ಹಾಕಿ, ಅದೇ ಇಂಗ್ಲಿಷ್ ಬಂದಾಗ ಫ್ಲಾಪಿ ಹೊರಗೆಳೆದು ಕೀ ಒತ್ತಿದೆವು. ಎದ್ದಿತು. ಪರದೆಯ ಮೇಲೆ ತಮ್ಮನ ಹೆಸರು ಕಂಡಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಸೋಮವಾರ ಅಪ್ಪ ಕಾರ್ಡಿನ ಗಂಟು ಹಿಡಿದು ಹೊರಟರು.

ಕೊಟ್ರೇಶ ಹೆಂಡತಿಯನ್ನು ಗದರಲು ಹೊರಟಿದ್ದ. ನಾನೇ ತಡೆದೆ. 'ಕೀ ಒತ್ತಿ' ಎನ್ನುವ ಮುಂಚೆ 'ಡಿಸ್ಕ್ ಬದಲಿಸಿ' ಎಂದೂ ಆ ಪರದೆಯ ಮೇಲೆ ಇತ್ತಲ್ಲ! ಪಾಪದ ಯಂತ್ರ, ಬಾಯಲ್ಲಿ ತುತ್ತಿಟ್ಟುಕೊಂಡೇ ದಿನಾ ತನ್ನ ಕಷ್ಟ ಹೇಳುತ್ತಿತ್ತು.

ಗೌರಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಸರಿ. ಓದಲು ನಮಗೇನು ಧಾಡಿ?