ಮುಚ್ಚಿಕೊಳ್ಳದ ಕದ

ಕಳೆದ ತಿಂಗಳ ಎರಡನೇ ಗುರುವಾರ ಬೆಳಿಗ್ಗೆ, ಶಿರೂರಿನ ಹತ್ತಿರ, ನನ್ನ ತಂಗಿಯ ಗಂಡನ ಹೊಸ ಕಾರಿನಲ್ಲಿ ಪೆಟ್ರೋಲ್ ಮುಗಿಯಿತು. ಏಳು ತಿಂಗಳ ಬಸುರಿ ತಂಗಿ ಹಿಂದಿನ ಸೀಟಿನಲ್ಲಿದ್ದಳು, ಅವಳ ಪಕ್ಕದಲ್ಲಿ ನಾನು. ಗುಡೂರಿನ ಅವರ ಮನೆಯಿಂದ, ನಾನಿರುವ ಬಾಗಲಕೋಟೆಯ ದವಾಖಾನೆಗೆ ತಪಾಸಣೆಗೆ ಹೊರಟಿದ್ದೆವು.

ಅವನು ಅಂಗಡಿಯೊಂದರಿಂದ ಬಾಟಲಿಯಲ್ಲಿ ಪೆಟ್ರೋಲ್ ತಂದ. ಈ ಕಾರಿನ ಟ್ಯಾಂಕಿಗೆ ತಿರುಗಿಸಿ ತೆಗೆಯುವ ಮುಚ್ಚಳವಿಲ್ಲ. ಬಾಯಿಯೊಳಗಿನ ಸ್ಪ್ರಿಂಗ್ ಕದವೇ ಮುಚ್ಚಳ. ಬಂಕಿನ ಪೈಪಿನ ಮೂತಿ ತೂರಿಸಿದರೆ ತೆರೆಯುತ್ತದೆ, ಬಾಟಲಿಗೆ ತೆರೆಯುವುದಿಲ್ಲ. ಅದಕ್ಕೆಂದೇ ಕೊಟ್ಟ ಆಲಿಕೆ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಇತ್ತೆಂದು ಆಮೇಲೆ ಗೊತ್ತಾಯಿತು. ಅವನು ಸ್ಕ್ರೂ ಡ್ರೈವರ್ ತೂರಿಸಿ ಒತ್ತಿದ. ಒಳಗೆ ಏನೋ ಟಕ್ಕೆಂದಿತು.

ಅಂದಿನಿಂದ ಕಾರಿನಲ್ಲಿ ಪೆಟ್ರೋಲ್ ವಾಸನೆ.

“ಮತ್ತ ವಾಸ್ನಿ ಬರಾಕತ್ತೈತ್ರಿ. ಯಾರಿಗರ ತೋರಿಸ್ರಿ,” ಎಂದಳು ತಂಗಿ.

“ಬಸರಿದ್ದಾಗ ಎಲ್ಲಾ ವಾಸ್ನೀನೂ ಬರ್ತಾವ. ನಿನ್ನಿ ಒಗ್ಗರಣಿ ವಾಸ್ನಿಗೆ ಹೊರಗ ಓಡಿ ಬಂದಿದ್ದಿಲ್ಲೇನು?”

“ಒಗ್ಗರಣಿ ಮ್ಯಾಲ ಕುಂತು ನಾವು ಬಾಗಲಕೋಟಿಗೆ ಹೋಗಂಗಿಲ್ರಿ.”

ಅವನು ನಕ್ಕ.

ದಿನಾ ಬೆಳಿಗ್ಗೆ ಕಾರಿಗೆ ಪೂಜೆ ಮಾಡಿ, ಡ್ಯಾಶ್‌ಬೋರ್ಡಿನ ಮೇಲೆ ಒಂದು ಊದಿನಕಡ್ಡಿ ಹಚ್ಚುವುದು ಅವನ ರೂಢಿ. ಮುಂದಿನ ತಪಾಸಣೆಗೆ ಕರೆದೊಯ್ಯಲು ನಾನು ಗುಡೂರಿಗೆ ಹೋದ ದಿನ, ವಾಸನೆ ಹೋಗಲೆಂದು ಎರಡು ಹಚ್ಚಿದ್ದ. ಕಿಟಕಿಗಳು ಮುಚ್ಚಿದ್ದವು. ನಾನು ಕೈ ಚಾಚಿ ಕಡ್ಡಿಗಳನ್ನು ಕಿತ್ತು, ಹೊರಗೆ ಮಣ್ಣಿನಲ್ಲಿ ಒತ್ತಿ ಆರಿಸಿದೆ.

“ಅಕ್ಕಾರ, ದೇವರ ಕಡ್ಡಿ ಆರಸಬಾರದ್ರಿ,” ಎಂದ. ಈ ಸಲ ನಗಲಿಲ್ಲ.

ಅಂದೇ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮೆಕ್ಯಾನಿಕ್ ಒಬ್ಬನ ಹತ್ತಿರ ಅವರನ್ನು ಕರೆದೊಯ್ದೆ. ಆತ ಟಾರ್ಚ್ ಹಿಡಿದು ಟ್ಯಾಂಕಿನ ಬಾಯಿ ನೋಡಿದ.

“ಪೆಟ್ರೋಲ್ ತುಂಬುವಾಗ ಏಳೋ ಆವಿ ಹೊರಗ ಬರಬಾರದ್ರಿ. ಒಳಗ ಇದ್ದಲಿ ಡಬ್ಬಿ ಐತಿ, ಅದು ಹಿಡದು ಇಟ್ಕೋತೈತಿ. ಈಗ ಕದಾನ ಮುರದೈತಿ, ಬಾಯಿ ತಕ್ಕೊಂಡು ಕುಂತೈತಿ. ಹೊಸಾದು ತರಸಬೇಕು. ಅಲ್ಲೀತನಕ ಓಡಸಬ್ಯಾಡ್ರಿ. ಬೆಂಕಿ ಅಂತೂ ಹತ್ರ ತರಲೇಬ್ಯಾಡ್ರಿ.”

“ಇಷ್ಟ ದಿನ ಏನೂ ಆಗಿಲ್ಲಲ್ರಿ?” ಎಂದು ಅವನು ಕೇಳಿದ.

ಮೆಕ್ಯಾನಿಕ್ ಫೋನ್ ತೆಗೆದು ಹೊಸ ಕದಕ್ಕೆ ಆರ್ಡರ್ ಕೊಟ್ಟ. ತಂಗಿಯ ಗಂಡ ಒರೆಸುವ ಬಟ್ಟೆಯೊಂದನ್ನು ಸುತ್ತಿ ಆ ಬಾಯಿಗೆ ತುರುಕಿ, ಅದೇ ಕಾರಿನಲ್ಲಿ ತಂಗಿಯನ್ನು ಕೂರಿಸಿಕೊಂಡು ಗುಡೂರಿಗೆ ಹೋದ. ಬಟ್ಟೆ ಸಂಜೆಯೊಳಗೆ ಪೆಟ್ರೋಲಿನಲ್ಲಿ ತೊಯ್ದಿತ್ತಂತೆ.

ಹೊಸ ಕದ ಇನ್ನೂ ಬಂದಿಲ್ಲ. ನಿನ್ನೆ ತಂಗಿ ಫೋನ್ ಮಾಡಿ, “ನಾಳೆ ಬಸ್ಸಿಗೆ ಬರ್ತೇನಿ ಅಕ್ಕಾ, ಹೇಳೀನಿ ಅವರಿಗೆ,” ಎಂದಿದ್ದಳು.

ಇಂದು ಗುರುವಾರ, ಮತ್ತೆ ತಪಾಸಣೆಯ ದಿನ. ಬೆಳಿಗ್ಗೆ ಎಂಟಕ್ಕೆ ಅವನಿಂದ ಮೆಸೇಜ್ ಬಂದಿದೆ: “ಕಾರಿನ್ಯಾಗ ಹೊಂಟೇವ್ರಿ ಅಕ್ಕಾರ. ಪೂಜಿ ಆತು.”