ಚೀಲದಣ್ಣನ ಕಿಟಕಿಗಳು

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಚೀಲದಣ್ಣ ಹಳೆಯ ಅರಮನೆಯ ಹೊರ ಅಂಗಳದಲ್ಲಿ ಕತ್ತೆತ್ತಿ ನಿಂತು ಕಿಟಕಿಗಳನ್ನು ಎಣಿಸುತ್ತಿದ್ದ. ಈ ಅರಮನೆಗೆ ನೂರೆಂಟು ಕಿಟಕಿಗಳು ಎಂದು ಅವನು ಪ್ರತಿದಿನವೂ ಗುಂಪು ಗುಂಪು ಪ್ರವಾಸಿಗರಿಗೆ ಹೇಳುತ್ತ ಬಂದಿದ್ದ. ಆದರೆ ಎಣಿಸುತ್ತಿದ್ದದ್ದು ಇದೇ ಮೊದಲು.

ಎಣಿಸದೆ ಬೇರೆ ದಾರಿಯಿರಲಿಲ್ಲ. ಹನ್ನೊಂದು ಗಂಟೆಗೆ ಇಲಾಖೆಯ ಕಚೇರಿಯಲ್ಲಿ ಅವನ ವಿಚಾರಣೆಯಿತ್ತು. ರಜೆಯ ಮೇಲೆ ಬಂದಿದ್ದ ಒಬ್ಬ ಆಡಿಟರ್ ಗುಂಪಿನಿಂದ ಹಿಂದೆ ಉಳಿದು, ಕಟ್ಟಡವನ್ನು ಒಂದು ಸುತ್ತು ಹಾಕಿ, ಇರುವುದು ತೊಂಬತ್ತಾರೇ, ಉಳಿದ ಹನ್ನೆರಡಕ್ಕೆ ಗೈಡ್ ಉತ್ತರ ಕೊಡಬೇಕು ಎಂದು ದೂರು ಕೊಟ್ಟು ಹೋಗಿದ್ದ. ತಪ್ಪು ಮಾಹಿತಿ ಕೊಟ್ಟದ್ದು ಸಾಬೀತಾದರೆ ಚೀಲದಣ್ಣ ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ಕಳಚಿ ಕೊಡಬೇಕು. ಬಿಲ್ಲೆಯಿಲ್ಲದ ಗೈಡ್ ಎಂದರೆ ಟಿಕೆಟ್ ತೆಗೆದುಕೊಳ್ಳಬೇಕಾದ ಇನ್ನೊಬ್ಬ ಪ್ರವಾಸಿ, ಅಷ್ಟೆ.

ಪೂರ್ವದಲ್ಲಿ ಮೂವತ್ತನಾಲ್ಕು. ಉತ್ತರಕ್ಕೂ ದಕ್ಷಿಣಕ್ಕೂ ಮೂವತ್ತೊಂದು, ಮೂವತ್ತೊಂದು. ಪಶ್ಚಿಮದ ಗೋಡೆ ಬೋಳು. ಹಿಂದೆ ಅದಕ್ಕೆ ಅಂಟಿಕೊಂಡು ಕುದುರೆ ಲಾಯವಿತ್ತಂತೆ, ಕುದುರೆಗಳ ವಾಸನೆಗೆ ಯಾವ ರಾಜನೂ ಕಿಟಕಿ ತೆರೆಯಲಾರ. ಆಡಿಟರ್ ಒಂದಾದರೂ ಕಡಿಮೆ ಎಣಿಸಿರಲಿ ಎಂದು ಚೀಲದಣ್ಣ ಮತ್ತೊಮ್ಮೆ ಸುತ್ತು ಹಾಕಿದ. ಆಡಿಟರ್ ಕಸುಬು ಬಲ್ಲವನು. ತೊಂಬತ್ತಾರೇ ಇದ್ದವು.

ಚೀಲದಣ್ಣ ಹುಟ್ಟಾ ಗೈಡ್ ಅಲ್ಲ. ಅರಮನೆಯ ಬಾಗಿಲ ಪಕ್ಕದ ಕೋಣೆಯಲ್ಲಿ ಪ್ರವಾಸಿಗರ ಚೀಲ ಇಸಿದುಕೊಂಡು ಟೋಕನ್ ಕೊಡುವುದು ಅವನ ಮೊದಲ ಕೆಲಸ. ಹೆಸರು ಅಂಟಿಕೊಂಡದ್ದು ಅಲ್ಲಿಯೇ. ರಾಜಧಾನಿಯನ್ನು ನೋಡಲು ಬಂದವರೆಲ್ಲ ಒಳಗಿನ ಸಿಂಹಾಸನಕ್ಕಿಂತ ಮೊದಲು ಇವನ ಮುಖ ನೋಡುತ್ತಿದ್ದರು, ಮತ್ತು ಇತಿಹಾಸದ ಬಗ್ಗೆ ತಮಗಿದ್ದ ಸಂಶಯಗಳನ್ನೆಲ್ಲ ಇವನಲ್ಲೇ ಕೇಳುತ್ತಿದ್ದರು: ಮೂತ್ರಾಲಯ ಎಲ್ಲಿ, ಒಳಗೆ ಫೋಟೋ ತೆಗೆಯಬಹುದೇ, ರಾಜ ಈಗ ಎಲ್ಲಿದ್ದಾನೆ.

ಮುಂದೊಂದು ದಿನ ಕೋಣೆಗೆ ಬೀಗದ ಪೆಟ್ಟಿಗೆಗಳು ಬಂದವು. ಪೆಟ್ಟಿಗೆಗಳು ಕೂತ ಜಾಗದಿಂದ ಚೀಲದಣ್ಣ ಏಳಬೇಕಾಯಿತು. ಇಲಾಖೆಯವರು, ಬೇಕಾದರೆ ಗೈಡ್ ಪರೀಕ್ಷೆ ಬರೆ, ಎಂದು ಪ್ರವಾಸಿ ಕೈಪಿಡಿಯ ಒಂದು ಪ್ರತಿಯನ್ನು ಕೈಗಿತ್ತರು. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕೈಪಿಡಿಯನ್ನು ಮೆಷಿನ್ ಪಕ್ಕಕ್ಕೆ ತೆರೆದಿಟ್ಟುಕೊಂಡು ಅವಳು ಪ್ರಶ್ನೆ ಕೇಳುವುದು, ಅವನು ಗೋಡೆಗೆ ಒರಗಿ ಉತ್ತರ ಹೇಳುವುದು. ಉತ್ತರ ಸರಿಯಿದ್ದರೆ ಮೆಷಿನ್ ಓಡುತ್ತಿತ್ತು. ತಪ್ಪಿದರೆ ಗಕ್ಕನೆ ನಿಲ್ಲುತ್ತಿತ್ತು.

"ಅರಮನೆಗೆ ಕಿಟಕಿ ಎಷ್ಟು?"

"ನೂರೆಂಟು."

ಮೆಷಿನ್ ಓಡಿತ್ತು. ಪರೀಕ್ಷೆಯಲ್ಲೂ ಅದೇ ಪ್ರಶ್ನೆ ಬಂದಿತ್ತು, ಆ ಉತ್ತರಕ್ಕೆ ಅಂಕವೂ ಬಂದಿತ್ತು.

ಅಂದಿನಿಂದ ಅವನು ಊರನ್ನು ತೋರಿಸುವವನಾದ. ಅರಮನೆ, ಅಲ್ಲಿಂದ ಗಡಿಯಾರದ ಗೋಪುರ, ಹಳೆ ಸೇತುವೆ, ಕೊನೆಗೆ ಶಾಸನಸಭೆ. ಒಂದು ಮಧ್ಯಾಹ್ನದೊಳಗೆ ಮೂರು ರಾಜವಂಶಗಳನ್ನು ಹುಟ್ಟಿಸಿ, ಆಳಿಸಿ, ಮಣ್ಣು ಮಾಡಿ ಪ್ರವಾಸಿಗರನ್ನು ಬಸ್ಸು ಹತ್ತಿಸುತ್ತಿದ್ದ. ಶಾಸನಸಭೆಯ ಮೆಟ್ಟಿಲ ಮುಂದೆ ಅವನದೊಂದು ಖಾಯಂ ಮಾತಿತ್ತು: "ಹಿಂದೆ ಇಲ್ಲಿ ರಾಜ ಒಬ್ಬನೇ ತಪ್ಪು ಮಾಡ್ತಿದ್ದ. ಈಗ ಎಲ್ಲರಿಗೂ ಅವಕಾಶ ಇದೆ." ಜನ ನಗುತ್ತಿದ್ದರು. ಒಳಗೆ ಹೋಗಿ ಬಂದವರು ಇನ್ನೂ ಜಾಸ್ತಿ ನಗುತ್ತಿದ್ದರು.

ವಿಚಾರಣೆಯ ನೋಟೀಸು ಬಂದ ದಿನ ಹೆಂಡತಿ ಮೆಷಿನ್ ನಿಲ್ಲಿಸಿದಳು.

"ರೀ, ಪುಸ್ತಕದಲ್ಲಿದೆ, ನಾನು ಹೇಳಿದೆ ಅಂದ್ಬಿಡಿ. ನೀವೇನು ಕಿಟಕಿ ಕದ್ದಿದ್ದೀರಾ?"

"ಕದ್ದಿದ್ರೆ ನಮ್ಮನೆಗಾದ್ರೂ ಒಂದು ಹಾಕಿಸ್ತಿದ್ದೆ."

ಅವರ ಮನೆಗೆ ಇದ್ದದ್ದು ಒಂದೇ ಕಿಟಕಿ. ಅದನ್ನು ತೆರೆದರೆ ಪಕ್ಕದ ಮನೆಯ ಗೋಡೆ.

"ಅಲ್ಲಿ ಹೋಗಿ ನಾಲ್ಕು ಮಾತು ಜಾಸ್ತಿ ಆಡ್ಬೇಡಿ. ಹತ್ತು ಸಲ ಹೇಳಿದ್ದೀನಿ, ನಿಮಗೆ ಬಾಯಿ ಜಾಸ್ತಿ. ಪರದೆ ಹೊಲಿಯೋದಾದ್ರೆ ಮೊದಲು ಆ ಬಾಯಿಗೇ ಹೊಲಿಬೇಕು."

ಹನ್ನೊಂದಕ್ಕೆ ಕಚೇರಿಯಲ್ಲಿ ಮೂರು ಜನ ಕೂತರು. ಮೇಜಿನಾಚೆ ಇಲಾಖೆಯ ಅಧಿಕಾರಿಣಿ, ಎಲ್ಲರ ಪಾಲಿಗೆ 'ಮೇಡಂ'. ಬಲಕ್ಕೆ ಪಂಡಿತರು, ಎಂದರೆ ಕೈಪಿಡಿಯನ್ನು ಬರೆದವರು. ಈಚೆಗೆ ಚೀಲದಣ್ಣ.

"ನೂರೆಂಟು ಅಂತ ನಿಮಗೆ ಹೇಳಿದ್ದು ಯಾರು?" ಎಂದರು ಮೇಡಂ.

"ಕೈಪಿಡಿ, ಮೇಡಂ."

ಮೇಡಂ ಪಂಡಿತರ ಕಡೆ ನೋಡಿದರು. ಪಂಡಿತರು ಕನ್ನಡಕ ಸರಿಮಾಡಿಕೊಂಡರು. "ಆಧಾರ ಇಲ್ಲದೆ ಒಂದಕ್ಷರ ಬರೆದವನಲ್ಲ ನಾನು. ಖುದ್ದಾಗಿ ಅರಮನೆಗೆ ಹೋಗಿ, ಸ್ಥಳೀಯ ಮೂಲದಿಂದ ಕೇಳಿ ತಿಳಿದುಕೊಂಡದ್ದು."

"ಯಾರು ಅದು, ಸ್ಥಳೀಯ ಮೂಲ?"

"ಅಲ್ಲಿಯ ಸಿಬ್ಬಂದಿ. ಚೀಲ ಇಡೋ ಕೋಣೆಯಲ್ಲಿದ್ದ ಮನುಷ್ಯ. ಎಂಥ ಆತ್ಮವಿಶ್ವಾಸ ಅಂತೀರಿ! ಒಂದು ಕ್ಷಣ ಯೋಚನೆ ಮಾಡಲಿಲ್ಲ, ತಲೆ ಕೂಡ ಎತ್ತಲಿಲ್ಲ. ಕೇಳಿದ ತಕ್ಷಣ ಸಂಖ್ಯೆ ಹೇಳಿದ."

ಚೀಲದಣ್ಣನ ಬೆನ್ನು ಕುರ್ಚಿಯಿಂದ ಮುಂದೆ ಬಂತು. ಅವನಿಗೆ ಆ ದಿನ ನೆನಪಾಯಿತು. ಎರಡು ಬಸ್ಸು ಒಟ್ಟಿಗೆ ಬಂದು, ಟೋಕನ್‌ಗಳು ಅದಲು ಬದಲಾಗಿ, ಒಬ್ಬಾಕೆ ತನ್ನದಲ್ಲದ ಚೀಲ ಹಿಡಿದುಕೊಂಡು ಜಗಳಕ್ಕೆ ನಿಂತಿದ್ದ ಹೊತ್ತು. ಕನ್ನಡಕದವರೊಬ್ಬರು ತಲೆ ತೂರಿಸಿ ಕಿಟಕಿ ಎಷ್ಟಿವೆ ಎಂದು ಕೇಳಿದ್ದರು. ಇವನು ಬಾಯಿಗೆ ಬಂದದ್ದನ್ನು ಹೇಳಿದ್ದ.

ನಮ್ಮ ಮಾತಿನಲ್ಲಿ ಸಂಖ್ಯೆಗಳೆಲ್ಲ ಲೆಕ್ಕಕ್ಕಾಗಿ ಇರುವುದಿಲ್ಲ. ನಾಲ್ಕು ಜನ ಏನಂದಾರು ಎಂದರೆ ಇಡೀ ಊರು ಏನಂದೀತು ಎಂದರ್ಥ. ಎರಡು ತುತ್ತು ಉಂಡು ಹೋಗಿ ಎಂದು ಕರೆದವರು ಎರಡೇ ತುತ್ತು ಬಡಿಸಿದರೆ ನೆಂಟಸ್ತನ ಮುರಿಯುತ್ತದೆ. ಹಾಗೆಯೇ ನೂರೆಂಟು ಎಂದರೆ, ಬೇಕಾದಷ್ಟಿವೆ, ಎಣಿಸಲು ನನಗೆ ಪುರುಸೊತ್ತಿಲ್ಲ, ದಾರಿ ಬಿಡಿ ಎಂದು. ಕೇಳಿಸಿಕೊಂಡವರು ವಿದ್ವಾಂಸರಾದ್ದರಿಂದ ನೂರರ ಮುಂದೆ ಎಂಟು ಸೇರಿಸಿ ಬರೆದುಕೊಂಡಿದ್ದರು. ತನ್ನ ಬಾಯಿಂದ ಜಾರಿದ ಮಾತನ್ನೇ ಚೀಲದಣ್ಣ ಮುಂದೆ ಗೋಡೆಗೆ ಒರಗಿ ಉರುಹೊಡೆದಿದ್ದ.

ಅವನು ಸುಮ್ಮನೆ ಇರುತ್ತಿದ್ದನೋ ಏನೋ. ಆದರೆ ಮೇಡಂ ಮೇಜಿನ ಮೇಲೆ ಕೈ ಚಾಚಿದರು. "ಆ ಮೂಲ ಯಾರು ಅಂತ ಪತ್ತೆ ಆಗೋವರೆಗೂ ನಿಮ್ಮ ಬಿಲ್ಲೆ ಇಲ್ಲಿರಲಿ."

"ಪತ್ತೆ ಆಯ್ತು ಮೇಡಂ."

"ಎಲ್ಲಿದ್ದಾನೆ?"

"ನಿಮ್ಮ ಮುಂದೇನೇ ಕೂತಿದ್ದಾನೆ."

ಪಂಡಿತರು ಎದ್ದೇ ನಿಂತರು. ಇವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ನೀವೇನಾ! ಇನ್ನೂ ಇದ್ದೀರಾ! ಮೂಲಗಳು ಜೀವಂತ ಸಿಗೋದು ಎಷ್ಟು ಅಪರೂಪ ಗೊತ್ತಾ?"

"ಸಾರ್, ನಾನು ಹೇಳಿದ್ದು ಆ ಅರ್ಥದಲ್ಲಿ ಅಲ್ಲ..."

"ಸಂಖ್ಯೆ ಹೇಳಿದ್ರೋ ಇಲ್ವೋ?" ಎಂದರು ಮೇಡಂ.

"ಹೇಳಿದೆ. ಆದ್ರೆ ನೂರೆಂಟು ಅಂದ್ರೆ..."

"ನೂರರ ಮೇಲೆ ಎಂಟು. ಅಷ್ಟು ನನಗೂ ಬರುತ್ತೆ."

"ಇವತ್ತು ಬೆಳಿಗ್ಗೆ ನಾನೇ ಎಣಿಸಿದೀನಿ ಮೇಡಂ. ತೊಂಬತ್ತಾರೇ ಇರೋದು."

ಪಂಡಿತರು ಕರುಣೆಯಿಂದ ತಲೆಯಾಡಿಸಿದರು. "ಇವತ್ತು ಎಷ್ಟಿದೆ ಅನ್ನೋದು ಇತಿಹಾಸ ಅಲ್ಲಪ್ಪ."

ಆ ವಾಕ್ಯ ಮೇಡಂಗೆ ದಾರಿ ತೋರಿಸಿತು. ನೂರೆಂಟು ಕೈಪಿಡಿಯಲ್ಲಿದೆ, ಶಾಲೆಗಳ ರಸಪ್ರಶ್ನೆಯಲ್ಲಿದೆ, ಮುಂಬಾಗಿಲ ಪಕ್ಕದ ಕಲ್ಲಿನಲ್ಲಿ ಕೆತ್ತಿಸಿಯೂ ಆಗಿದೆ. ಸಂಖ್ಯೆ ಹೇಳಿದವನು ಒಪ್ಪಿಕೊಂಡಿದ್ದಾನೆ, ಬರೆದವರು ಅದಕ್ಕೆ ಸಾಕ್ಷಿ. ಹಾಗಿದ್ದಮೇಲೆ ತಪ್ಪಿರುವುದು ಕಟ್ಟಡದಲ್ಲೇ. "ಕಲ್ಲು ತಿದ್ದೋದಕ್ಕಿಂತ ಗೋಡೆ ತಿದ್ದೋದು ಸುಲಭ," ಎಂದರು. ಕಾಲಾಂತರದಲ್ಲಿ ಮುಚ್ಚಿಹೋದ ಹನ್ನೆರಡು ಕಿಟಕಿಗಳನ್ನು ಪಶ್ಚಿಮದ ಬೋಳು ಗೋಡೆಯ ಮೇಲೆ ಮತ್ತೆ ಕೂರಿಸುವುದೆಂದು ತೀರ್ಮಾನವಾಯಿತು. ಬಿಲ್ಲೆ ಚೀಲದಣ್ಣನ ಎದೆಯ ಮೇಲೇ ಉಳಿಯಿತು.

ಬಾಗಿಲ ತನಕ ಹೋದವನನ್ನು ಮೇಡಂ ಕರೆದು ನಿಲ್ಲಿಸಿದರು. "ಇನ್ನೊಂದು. ತೊಂಬತ್ತಾರು ಅನ್ನೋ ಮಾತು ಇನ್ನೊಂದು ಸಲ ನಿಮ್ಮ ಬಾಯಲ್ಲಿ ಬಂದ್ರೆ, ಬಿಲ್ಲೆ ಇಲ್ಲಿಗೆ ಬರುತ್ತೆ."

ಮಳೆಗಾಲಕ್ಕೆ ಮುಂಚೆಯೇ ಬಡಗಿಗಳು ಬಂದರು. ಗೋಡೆಯನ್ನು ಕೊರೆಯುವಂತಿರಲಿಲ್ಲ, ಅದು ಸಂರಕ್ಷಿತ. ಆದ್ದರಿಂದ ಚೌಕಟ್ಟು, ಬಾಗಿಲು, ಸರಳು, ಚಿಲಕ ಎಲ್ಲವನ್ನೂ ಗೋಡೆಯ ಮೇಲೆಯೇ ಅಂಟಿಸಿದರು. ಹಳೆಯ ಕಿಟಕಿಗಳ ಬಣ್ಣ ಮಾಸಿತ್ತು. ಹೊಸವು ಫಳಫಳ ಹೊಳೆಯುತ್ತಿದ್ದವು. ಪ್ರವಾಸಿಗರು ಹೆಚ್ಚು ಫೋಟೋ ತೆಗೆಸಿಕೊಂಡದ್ದು ಅವುಗಳ ಮುಂದೆಯೇ. ರಾಣಿ ಯಾವ ಕಿಟಕಿಯಲ್ಲಿ ನಿಂತು ಕುದುರೆಗಳನ್ನು ನೋಡುತ್ತಿದ್ದಳು ಎಂದು ಕೈಪಿಡಿಯ ಹೊಸ ಆವೃತ್ತಿಯಲ್ಲಿ ಪಂಡಿತರು ಬರೆದರು.

ಚೀಲದಣ್ಣ ಮಾತ್ರ ಸಂಖ್ಯೆಗಳ ವಿಷಯದಲ್ಲಿ ಬೇರೆಯೇ ಮನುಷ್ಯನಾದ.

"ನೂರು ಸಲ ಹೇಳಿದ್ದೀನಿ, ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ ಅಂತ," ಎಂದು ಹೆಂಡತಿ ರೇಗಿದರೆ, "ಈ ವಾರ ಮೂರು ಸಲ," ಎನ್ನುತ್ತಿದ್ದ.

"ನಿಮ್ಮ ಜೊತೆ ಎರಡು ಮಾತಾಡೋ ಹಾಗಿಲ್ಲವಲ್ಲ!"

"ಈಗ ಆಡಿದ್ದು ಐದು ಮಾತು."

"ಅಯ್ಯೋ, ಆ ಬಿಲ್ಲೆ ಹೋಗಿದ್ರೇ ಚೆನ್ನಾಗಿತ್ತು," ಎಂದು ಅವಳು ಮೆಷಿನ್ ತುಳಿಯುತ್ತಿದ್ದಳು. ಮೆಷಿನ್ ಓಡುತ್ತಲೇ ಇದ್ದುದರಿಂದ ಅದು ನಿಜವಲ್ಲವೆಂದು ಅವನಿಗೆ ಗೊತ್ತಾಗುತ್ತಿತ್ತು.

ಮುಂದಿನ ರಜೆಗೆ ಆ ಆಡಿಟರ್ ಮತ್ತೆ ಬಂದ. ಈ ಸಲವೂ ಗುಂಪಿನಿಂದ ಹಿಂದೆ ಉಳಿದ. ಚೀಲದಣ್ಣ ಉಳಿದವರನ್ನು ಬಸ್ಸಿಗೆ ಕಳಿಸಿ ತಿರುಗುವಷ್ಟರಲ್ಲಿ ಅವನು ಎದುರಿಗೆ ನಿಂತಿದ್ದ. ಮುಖ ಬಾಡಿತ್ತು.

"ಕ್ಷಮಿಸಿ ಗೈಡ್ ಅವರೇ. ಈಗ ತಾನೇ ಎಣಿಸಿದೆ. ನೂರೆಂಟೂ ಇವೆ. ಹೋದ ಸಲ ನಾನೇ ತಪ್ಪಿದ್ದೆ."

"ಬಿಡಿ ಸಾರ್. ಆಗುತ್ತೆ."

"ಆಗಬಾರದಿತ್ತು. ಇಷ್ಟು ವರ್ಷದ ಕೆಲಸದಲ್ಲಿ ಒಂದು ಲೆಕ್ಕ ತಪ್ಪಿದವನಲ್ಲ. ಹನ್ನೆರಡು ಕಿಟಕಿ ಕಣ್ಣಿಗೆ ಬೀಳಲಿಲ್ಲ ಅಂದ್ರೆ, ಆಫೀಸಿನಲ್ಲಿ ಇನ್ನೇನೇನು ಬಿಟ್ಟುಹೋಗಿದ್ಯೋ! ಅವಧಿಗೆ ಮುಂಚೆ ನಿವೃತ್ತಿ ತಗೊಂಡುಬಿಡೋಣ ಅಂತ ಅನ್ನಿಸ್ತಾ ಇದೆ."

ಚೀಲದಣ್ಣ ಎದೆಯ ಮೇಲಿನ ಬಿಲ್ಲೆಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ, "ಬನ್ನಿ ಸಾರ್, ರಾಣಿಯ ಕಿಟಕಿ ಹತ್ತಿರದಿಂದ ನೋಡಿಲ್ಲ ನೀವು," ಎಂದು ಆಡಿಟರನನ್ನು ಪಶ್ಚಿಮದ ಗೋಡೆಯ ಬುಡಕ್ಕೆ ಕರೆದುಕೊಂಡು ಹೋದ. "ಒಂದ್ಸಲ ತಟ್ಟಿ ನೋಡಿ."

ಆಡಿಟರ್ ತಟ್ಟಿದ. ಪಕ್ಕದ್ದನ್ನೂ ತಟ್ಟಿದ. ಚಿಲಕ ಎಳೆದ, ಅದು ಬರಲಿಲ್ಲ. ಸರಳುಗಳ ನಡುವೆ ಬೆರಳು ತೂರಿಸಿದಾಗ ಉಗುರಿಗೆ ಸಿಕ್ಕಿದ್ದು ತಣ್ಣನೆಯ ಕಲ್ಲು. ಹನ್ನೆರಡನ್ನೂ ಒಂದೊಂದಾಗಿ ತಟ್ಟಿ ಮುಗಿಸುವಷ್ಟರಲ್ಲಿ ಅವನ ಮುಖಕ್ಕೆ ಜೀವ ಮರಳಿ ಬಂದಿತ್ತು.

"ಹಾಗಾದ್ರೆ ಹೋದ ಸಲ ನಾನು ಎಣಿಸಿದ್ದು..."

"ಆ ಸಂಖ್ಯೆ ನನ್ನ ಬಾಯಲ್ಲಿ ಬರಬಾರದು ಸಾರ್. ನೀವೂ ಹೇಳ್ಬೇಡಿ."

ಆಡಿಟರ್ ಹೇಳಲಿಲ್ಲ. ಅಂಗಳದ ಕಲ್ಲುಬೆಂಚಿನ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದ:

"ಅಲ್ಲಪ್ಪ, ಈ ಲೆಕ್ಕ ಮೊದಲು ಹೇಳಿದ ಪುಣ್ಯಾತ್ಮ ಯಾರು?"

"ಚೀಲದ ಕೋಣೆಯಲ್ಲಿ ಒಬ್ಬ ಇದ್ದ ಸಾರ್. ಎರಡು ಬಸ್ಸು ಒಟ್ಟಿಗೆ ಬಂದಿತ್ತು, ಪಾಪ. ಬಗ್ಗಿ ಯಾರದೋ ಚೀಲ ಎಳೀತಾ ಇದ್ದ."

"ಏನಂದ ಅವನು, ಸರಿಯಾಗಿ?"

ಚೀಲದಣ್ಣ ಸುತ್ತ ನೋಡಿದ. ಯಾರೂ ಇರಲಿಲ್ಲ. ಬಗ್ಗಿ, ಇಲ್ಲದ ಚೀಲವೊಂದನ್ನು ಎಳೆದು, ತಲೆ ಎತ್ತದೆ, ಅಂದಿನ ದನಿಯಲ್ಲೇ ಅಂದ:

"ಅಯ್ಯೋ, ಹೋಗಿ ಸ್ವಾಮಿ, ನೂರೆಂಟು!"